ಚಕ್ರ ಯಾಕಿಲ್ಲ ಅಂತ ಕೇಳುವವರಿಗೆ

ಕ್ಷುದ್ರಗ್ರಹದ ಮೇಲಿಳಿಯುವ ಪುಟ್ಟ ರೋಬೋಟ್‌ಗಳು ಅಲ್ಲಿ ಹೇಗೆ ಓಡಾಡಬೇಕು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ವಿದ್ಯಾರ್ಥಿಗಳು ಬರೆದು ತರುವ ನಕ್ಷೆಗಳನ್ನೂ ನೋಡಿಕೊಡುತ್ತೇನೆ. ಹತ್ತು ನಕ್ಷೆ ಬಂದರೆ ಎಂಟರಲ್ಲಿ ಚಕ್ರ ಇರುತ್ತದೆ. ಚಂದ್ರನ ಮೇಲೆ ಓಡಿತು, ಮಂಗಳದ ಮೇಲೂ ಓಡಿತು, ಇಲ್ಲಿ ಯಾಕೆ ಬೇಡ ಅನ್ನುವುದು ಅವರ ವಾದ. "ಗುರುತ್ವ ಕಡಿಮೆ ಇದ್ರೆ ಇನ್ನೂ ಸಲೀಸಲ್ವಾ ಸರ್?"

ಸಲೀಸಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಚಕ್ರ ತಿರುಗಿದ ಮಾತ್ರಕ್ಕೆ ಗಾಡಿ ಮುಂದೆ ಹೋಗುವುದಿಲ್ಲ. ಚಕ್ರ ನೆಲವನ್ನು ಒತ್ತಿರಬೇಕು. ಒತ್ತುವುದು ಗಾಡಿಯ ತೂಕ. ರ್ಯುಗು ಅನ್ನುವ ಕ್ಷುದ್ರಗ್ರಹ ಸುಮಾರು 900 ಮೀಟರ್ ಅಗಲದ ಕಲ್ಲುಗುಡ್ಡೆ. ಅದರ ಗುರುತ್ವ ಭೂಮಿಯದರಲ್ಲಿ ಸುಮಾರು 80,000ದ ಒಂದು ಪಾಲು. ಎ4 ಹಾಳೆಯಿಂದ ಹೆಬ್ಬೆರಳ ಉಗುರಿನಷ್ಟು ಚೂರು ಹರಿದು ಅಂಗೈ ಮೇಲೆ ಇಟ್ಟುಕೊಳ್ಳಿ. ಒಂದು ಕೆಜಿ ರೋಬೋಟ್ ರ್ಯುಗುವಿನ ನೆಲವನ್ನು ಒತ್ತುವುದು ಅಷ್ಟೇ. ಇಷ್ಟು ಒತ್ತಡದಲ್ಲಿ ಯಾವ ಚಕ್ರಕ್ಕೆ ಹಿಡಿತ ಸಿಕ್ಕೀತು? ಇದ್ದಲ್ಲೇ ಗಿರಗಿರ ತಿರುಗುತ್ತದೆ. "ಚಕ್ರಕ್ಕೆ ಹಲ್ಲು ಹಾಕಿದ್ರೆ?" ಹಲ್ಲು ಕಲ್ಲಿಗೆ ತಾಗಿದರೆ ಗಾಡಿಯೇ ಮೇಲಕ್ಕೆ ಏಳುತ್ತದೆ. ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಲ್ಲಿ ಎದ್ದರೂ ಸಾಕು, ಹತ್ತು ಮೀಟರ್ ಎತ್ತರ ಹೋಗಿ ಇಳಿಯುವಷ್ಟರಲ್ಲಿ ಸುಮಾರು ಕಾಲು ಗಂಟೆ. ಸೆಕೆಂಡಿಗೆ 40 ಸೆಂಟಿಮೀಟರ್ ದಾಟಿದರೆ ಇಳಿಯುವ ಮಾತೇ ಇಲ್ಲ.

ಇಲ್ಲಿಯವರೆಗೆ ಎಲ್ಲರೂ ತಲೆ ಆಡಿಸುತ್ತಾರೆ. ಜಾಸ್ತಿ ಎಡವುವುದು ಮುಂದಿನದರಲ್ಲಿ. ತೂಕ ಹೋಯಿತು, ಆದರೆ ಆ ಒಂದು ಕೆಜಿ ದ್ರವ್ಯ ಎಲ್ಲೂ ಹೋಗಿಲ್ಲ. ತಳ್ಳಬೇಕಾದರೆ ಒಂದು ಕೆಜಿಯನ್ನೇ ತಳ್ಳಬೇಕು. ನಿಲ್ಲಿಸಬೇಕಾದರೆ ಒಂದು ಕೆಜಿಯನ್ನೇ ನಿಲ್ಲಿಸಬೇಕು. ನಿಲ್ಲಿಸಲು ಹಿಡಿತ ಮಾತ್ರ ಕಾಗದದ ಚೂರಿನಷ್ಟು. ಬ್ರೇಕ್ ಹಾಕಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಹಾಗಾಗಿಯೇ ಜಪಾನಿನವರು ಚಕ್ರದ ಗೋಜಿಗೆ ಹೋಗಲಿಲ್ಲ. 2018ರ ಸೆಪ್ಟೆಂಬರ್ 21ರಂದು ಹಯಾಬುಸಾ-2 ನೌಕೆ ರ್ಯುಗುವಿನ ಮೇಲೆ ಬಿಟ್ಟ ಎರಡು ಮಿನರ್ವಾ ರೋಬೋಟ್‌ಗಳು 18 ಸೆಂಟಿಮೀಟರ್ ಅಗಲದ ಡಬ್ಬಿಗಳು, ತಲಾ 1.1 ಕೆಜಿ. ಒಳಗೆ ಮೋಟಾರು ಗಕ್ಕನೆ ತಿರುಗುತ್ತದೆ, ಡಬ್ಬಿ ಎದುರು ದಿಕ್ಕಿಗೆ ಹೊರಳಲು ನೋಡುತ್ತದೆ, ನೆಲಕ್ಕೆ ಒದ್ದು ಕುಪ್ಪಳಿಸುತ್ತದೆ. ಹೊರಗೆ ತಿರುಗುವ ಭಾಗವೇ ಇಲ್ಲ, ದೂಳು ಸಿಕ್ಕಿಕೊಳ್ಳುವ ಭಯವೂ ಇಲ್ಲ. ನನಗೆ ಆ ಡಬ್ಬಿಗಳ ಮೇಲೆ ಸ್ವಲ್ಪ ಮೋಹವೇ ಅನ್ನಿ. ಎರಡು ವಾರದ ನಂತರ ಇಳಿದ ಮ್ಯಾಸ್ಕಾಟ್ ಹತ್ತು ಕೆಜಿಯ ಪೆಟ್ಟಿಗೆ, ಜರ್ಮನಿ–ಫ್ರಾನ್ಸ್‌ನವರದು. ಪುಟಿದು ಪುಟಿದು ತಲೆಕೆಳಗಾಗಿ ಕೂತಿತ್ತು. ಒಳಗಿನ ತೋಳು ಬೀಸಿ ಮಗುಚಿಕೊಂಡಿತು. ರೀಚಾರ್ಜ್ ಮಾಡಲಾಗದ ಬ್ಯಾಟರಿಯಲ್ಲೇ 17 ಗಂಟೆ ದುಡಿಯಿತು.

ಇವೆಲ್ಲ ಮೊದಲೇ ಭೂಮಿಯಲ್ಲಿ ಪರೀಕ್ಷೆ ಮಾಡಬಹುದಲ್ಲ ಅಂತೀರಿ. ಎತ್ತರದ ಗೋಪುರದಿಂದ ಬೀಳಿಸಿದರೆ ತೂಕವಿಲ್ಲದ ಸ್ಥಿತಿ ಸಿಗುವುದು ಕೆಲವೇ ಸೆಕೆಂಡು. ಕುಪ್ಪಳಿಕೆ ಕಾಲು ಗಂಟೆಯದು! ಒಮ್ಮೆ ನಾವು ಗಾಳಿಯ ಪದರದ ಮೇಲೆ ತೇಲಿಸುವ ಮೇಜಿನಲ್ಲಿ ಮಾದರಿ ಇಟ್ಟು ಅಳೆಯುತ್ತಿದ್ದೆವು. ಅಳತೆ ಒಂದು ದಿನ ಒಂದು ಥರ, ಮರುದಿನ ಇನ್ನೊಂದು ಥರ. ಮೂರು ದಿನ ಮೋಟಾರಿಗೆ ಬೈದೆವು. ಕೊನೆಗೆ ನೋಡಿದರೆ ಕರೆಂಟ್ ಕೊಡಲು ಎಳೆದಿದ್ದ ವೈರು! ಕೂದಲಿನಷ್ಟು ತೆಳ್ಳಗಿತ್ತು. ಅದರ ಬಾಗಿನ ಸೆಟೆತ ನಾವು ಅಳೆಯಹೊರಟ ಬಲಕ್ಕಿಂತ ಜಾಸ್ತಿ. ವೈರು ತೆಗೆದು ಬ್ಯಾಟರಿ ಹಾಕಿದೆವು. ಆಮೇಲೆ ಏಸಿ ಗಾಳಿ ತಳ್ಳಲು ಶುರು ಮಾಡಿತು.

ಚಕ್ರ ಎಂದೆಂದಿಗೂ ಬೇಡ ಅಂತ ನಾನು ಬರೆದುಕೊಡುವುದಿಲ್ಲ. ಮಂಗಳದ ಚಂದ್ರ ಫೋಬೋಸ್‌ಗಾಗಿ ಐಡೆಫಿಕ್ಸ್ ಅನ್ನುವ ನಾಲ್ಕು ಚಕ್ರದ ರೋವರ್ ಮಾಡಿದ್ದಾರೆ. ಅಲ್ಲಿನ ಗುರುತ್ವ ರ್ಯುಗುವಿನದಕ್ಕಿಂತ ನಲವತ್ತು ಐವತ್ತು ಪಟ್ಟು ಹೆಚ್ಚು. ಅಷ್ಟಿದ್ದರೂ ಅದರ ವೇಗ ಸೆಕೆಂಡಿಗೆ ಕೆಲವೇ ಮಿಲಿಮೀಟರ್. ನೆಲದ ಗುಣವನ್ನೂ ನೋಡಬೇಕು. 2020ರಲ್ಲಿ ಬೆನ್ನು ಅನ್ನುವ ಕ್ಷುದ್ರಗ್ರಹವನ್ನು ಮುಟ್ಟಿದ ಓಸಿರಿಸ್-ರೆಕ್ಸ್ ನೌಕೆಯ ತೋಳು ಸುಮಾರು ಅರ್ಧ ಮೀಟರ್ ಒಳಕ್ಕೆ ಹೋಯಿತು. ಗಟ್ಟಿ ನೆಲ ಅಂದುಕೊಂಡಿದ್ದು ಸಡಿಲ ಜಲ್ಲಿ.

ಮೊನ್ನೆ ಒಬ್ಬ ಹುಡುಗಿ ಹೊಸ ನಕ್ಷೆ ತಂದಳು. ಚಕ್ರ ಇರಲಿಲ್ಲ, ಸಂತೋಷವಾಯಿತು. ಕೆಳಗೆ ಮೂರು ಸ್ಪ್ರಿಂಗ್ ಕಾಲು. ಎಷ್ಟು ವೇಗದಲ್ಲಿ ಚಿಮ್ಮುತ್ತೆ ಅಂತ ಕೇಳಿದೆ. "ನಿಧಾನ ಸರ್. ಸೆಕೆಂಡಿಗೆ ಅರ್ಧ ಮೀಟರ್ ಅಷ್ಟೇ."

"ಚೆನ್ನಾಗಿದೆಯಮ್ಮಾ," ಅಂದೆ. "ಕೆಳಗೆ ಯಾವಾಗ ಬರುತ್ತೆ?"

ಕ್ಯಾಲ್ಕುಲೇಟರ್ ತೆಗೆದಳು. ಸ್ವಲ್ಪ ಹೊತ್ತು ಒತ್ತಿದಳು. ಆಮೇಲೆ ಮಾತಾಡದೆ ನಕ್ಷೆ ಮಡಚಿಕೊಂಡಳು.