ವಾರ್ನಿಶ್ ಕೊಳವೆ: ಪೈಪಿಗಿಂತ ಅಡಿಯ ಮುಚ್ಚಳ ನೋಡಿ

ಬಿದಿರಿನ ಗಾಳದ ಕೋಲಿಗೆ ಬ್ರಶ್‌ನಲ್ಲಿ ವಾರ್ನಿಶ್ ಬಳಿದರೆ ಗೆರೆ ಉಳಿಯುತ್ತದೆ. ಅದಕ್ಕೇ ಉದ್ದ ಕೊಳವೆಯಲ್ಲಿ ವಾರ್ನಿಶ್ ತುಂಬಿ, ಕೋಲನ್ನು ಮುಳುಗಿಸಿ, ನಿಮಿಷಕ್ಕೆ ಮೂರ್ನಾಲ್ಕು ಇಂಚಿನಂತೆ ಮೇಲೆತ್ತುವುದು. ಮಲ್ಪೆ, ಪಣಂಬೂರು ಕಡೆಯ ಗಾಳದವರು ನನ್ನಲ್ಲಿ ಮೊದಲು ಕೇಳುವುದು, "ಯಾವ ಪೈಪು ತಗೊಳ್ಳಲಿ ಮಾರಾಯ್ರೆ?" ನಾನು ತಿರುಗಿ ಕೇಳುವುದು, "ಯಾವ ವಾರ್ನಿಶ್ ಹಾಕ್ತೀರಿ?"

ಡಬ್ಬಿಯ ಮೇಲೆ 'ಮಿನರಲ್ ಟರ್ಪೆಂಟೈನ್ ಬೆರೆಸಿ' ಅಂತ ಇದ್ದರೆ ಅದು ಎಣ್ಣೆ ವಾರ್ನಿಶ್. ಅದಕ್ಕೆ ನೀರಿನ ಗಟ್ಟಿ ಪಿವಿಸಿ ಪೈಪು ಧಾರಾಳ ಸಾಕು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಬೇಡುವ ಲ್ಯಾಕರ್ ಆದರೆ ಪಿವಿಸಿ ಬೇಡವೇ ಬೇಡ. ಥಿನ್ನರ್ ಅದನ್ನು ಮೆತ್ತಗೆ ಮಾಡುತ್ತದೆ. ಪ್ಲಂಬರ್ ಹಚ್ಚುವ ಸೊಲ್ಯೂಷನ್ ಕೂಡ ಪೈಪಿನ ಮೈಯನ್ನು ಕರಗಿಸಿಯೇ ಬೆಸೆಯುವುದು, ಅಲ್ವಾ? ಲ್ಯಾಕರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪೈಪು ತಗೊಳ್ಳಿ. ತಾಮ್ರ ಬೇಡ, ಎಣ್ಣೆ ವಾರ್ನಿಶ್ ಹಸಿರಾಗುತ್ತದೆ. ಒಳಗೆ ಕಾಣುತ್ತದೆ ಅಂತ ಅಕ್ರಿಲಿಕ್ ಕೊಳವೆಗೆ ಆಸೆ ಪಡಬೇಡಿ, ಥಿನ್ನರ್ ತಾಗಿದರೆ ಬಿರುಕು ಬಿಡುತ್ತದೆ.

ಆದರೆ ಕೈಕೊಡುವುದು ಹೆಚ್ಚಾಗಿ ಪೈಪಲ್ಲ, ಅದರ ಅಡಿ. ಖಾಲಿ ಮಾಡಲು ಸುಲಭ ಅಂತ ಕೆಲವರು ಕೆಳಗೆ ಬಾಲ್ ವಾಲ್ವ್ ಕೂರಿಸುತ್ತಾರೆ. ಅದರೊಳಗಿನ ರಬ್ಬರ್ ಯಾವುದೋ ಗೊತ್ತಿರುವುದಿಲ್ಲ. ಮಾಮೂಲಿ ರಬ್ಬರ್ ಟರ್ಪೆಂಟೈನ್ ಕುಡಿದು ಊದುತ್ತದೆ. ನೈಟ್ರೈಲ್ ಅನ್ನುವ ಜಾತಿಯ ರಬ್ಬರ್ ಅದನ್ನು ತಡೆಯುತ್ತದೆ. ನನ್ನ ಮಟ್ಟಿಗೆ, ಎಣ್ಣೆ ವಾರ್ನಿಶ್‌ಗೆ ಸೊಲ್ಯೂಷನ್ ಹಚ್ಚಿ ಕೂರಿಸಿದ ಎಂಡ್ ಕ್ಯಾಪೇ (ತುದಿಯ ಮುಚ್ಚಳ) ವಾಸಿ. ಹಚ್ಚಿದ ಮೇಲೆ ಎರಡು ದಿನವಾದರೂ ಒಣಗಲು ಬಿಡಿ. ಸಿಲಿಕೋನ್ ಸೀಲಂಟ್ ಹತ್ತಿರಕ್ಕೂ ತರಬೇಡಿ. ಅದರ ಅಂಶ ವಾರ್ನಿಶ್‌ಗೆ ಸೇರಿದರೆ ಕೋಲಿನ ಮೇಲೆ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಉಜ್ಜಿ ತೆಗೆಯುವುದು ಕಷ್ಟ.

ಪೂರ್ತಿ ಕೊಳವೆ ಕಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿ. ಉಪ್ಪಿನಕಾಯಿಯ ಗಾಜಿನ ಬಾಟ್ಲಿ ತೊಳೆದು ಒಣಗಿಸಿ, ನಿಮ್ಮದೇ ವಾರ್ನಿಶ್ ಹಾಕಿ. ಅಂಟಿಸಿ ಒಣಗಿದ ಪೈಪಿನ ತುಂಡು, ವಾಲ್ವ್ ಹಾಕುವವರಾದರೆ ಅದರ ರಬ್ಬರ್ ವಾಶರ್ ಎರಡನ್ನೂ ಅದರಲ್ಲಿ ವಾರ ಮುಳುಗಿಸಿಡಿ. ತೆಗೆದು ಉಗುರಿನಲ್ಲಿ ಒತ್ತಿ ನೋಡಿ. ಗುರುತು ಬಿದ್ದರೆ ಆ ಸಾಮಾನು ಬೇಡ. ವಾಶರ್ ತನ್ನ ಜಾಗದಲ್ಲಿ ಮತ್ತೆ ಕೂರದಿದ್ದರೆ ಊದಿದೆ ಅಂತಲೇ ಲೆಕ್ಕ.

ಅಳತೆ ಸಣ್ಣದಿದ್ದಷ್ಟು ವಾರ್ನಿಶ್ ಉಳಿತಾಯ. ಒಳವ್ಯಾಸ 36 ಮಿ.ಮೀ. ಆದರೆ ಮೀಟರಿಗೆ ಸುಮಾರು 1 ಲೀಟರ್ ಹಿಡಿಯುತ್ತದೆ. 46 ಆದರೆ ಒಂದೂವರೆ ಲೀಟರ್ ದಾಟುತ್ತದೆ. ಏಳು ಅಡಿಯ ಎರಡು ತುಂಡಿನ ಕೋಲಿಗೆ ನಾಲ್ಕು ಅಡಿಯ ಕೊಳವೆ ಸಾಕು. ಗೈಡ್ (ದಾರ ಹಾಯುವ ಉಂಗುರ) ಕಟ್ಟುವ ಮೊದಲೇ ಮುಳುಗಿಸುವವರಿಗೆ ಸಣ್ಣ ವ್ಯಾಸದ್ದೇ ಒಳ್ಳೆಯದು. ಹೊಸ ಪೈಪಿನ ಒಳಗೆ ಸೋಪು ನೀರು ಹಾಕಿ ತೊಳೆದು, ಒಣಗಿಸಿ, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ.

ಕೆಲಸ ಮುಗಿದ ಮೇಲೆ ವಾರ್ನಿಶ್ ಕೊಳವೆಯಲ್ಲೇ ಬಿಡಬೇಡಿ. ಗಾಳಿ ತಾಗಿದರೆ ಮೇಲೆ ಕೆನೆ ಕಟ್ಟುತ್ತದೆ. ಸೋಸಿ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಮಳೆಗಾಲದಲ್ಲಿ ಮಂಗಳೂರಿನ ಗಾಳಿಯಲ್ಲಿ ಎಣ್ಣೆ ವಾರ್ನಿಶ್ ಒಣಗಲು ಜಾಸ್ತಿ ಹೊತ್ತು ಬೇಕು, ಬಿದಿರೂ ತೇವ ಹೀರಿರುತ್ತದೆ. ಆಗ ಕಾಯಿರಿ. ಇನ್ನು ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ತಾನಾಗಿ ಕಾವೇರಿ ಬೆಂಕಿ ಹತ್ತಬಹುದು. ಬಿಡಿಸಿ ಅಂಗಳದಲ್ಲಿ ಹರವಿ ಒಣಗಿಸಿ, ಮತ್ತೆ ಕಸಕ್ಕೆ ಹಾಕಿ.