‘ಹೊಟ್ಟೆನೋವು ತಾಳಲಾರದೆ’ ಸತ್ತವರೂ, ಮತ್ತೆ ಬಂದು ವಿಚಾರಿಸುವವರೂ

ಪತ್ರಿಕೆಯ ಒಳಪುಟದ ಆ ಸಣ್ಣ ಆತ್ಮಹತ್ಯೆ ಸುದ್ದಿ ನಿಮಗೂ ಗೊತ್ತು. ‘ಹೊಟ್ಟೆನೋವು ತಾಳಲಾರದೆ’ ಅಥವಾ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂದು ನಾಲ್ಕು ಸಾಲು, ಕೊನೆಗೆ ಪ್ರಕರಣ ದಾಖಲಾದ ಠಾಣೆಯ ಹೆಸರು. ಹೊಟ್ಟೆನೋವಿಗೆ ಇಷ್ಟು ಜನ ಸಾಯುತ್ತಾರಾ ಎಂದು ಚಿಕ್ಕಂದಿನಲ್ಲಿ ನನಗೆ ಅಚ್ಚರಿಯಾಗುತ್ತಿತ್ತು. ಕೆಲವರಿಗೆ ನಿಜಕ್ಕೂ ನೋವಿರುತ್ತದೆ. ಆದರೆ ಪೊಲೀಸರ ಮುಂದೆ ಯಾರ ಮೇಲೂ ಬೊಟ್ಟು ಮಾಡದೆ ಹೇಳಬಹುದಾದ ಕಾರಣವೂ ಅದೇ ಅಲ್ವಾ?

ಈ ಹೆದರಿಕೆ ಸುಮ್ನೆ ಬಂದದ್ದಲ್ಲ. 1860ರ ಐಪಿಸಿಯ 309ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರು ಅಪರಾಧಿಗಳಾಗಿದ್ದರು, ಒಂದು ವರ್ಷದವರೆಗೆ ಜೈಲಿತ್ತು. ಆಸ್ಪತ್ರೆಗೆ ಹೊತ್ತು ತಂದವರು ‘ಗೊತ್ತಾಗದೆ ಕುಡಿದುಬಿಟ್ಟ ಸಾರ್’ ಎಂದರೆ ಅದರಲ್ಲಿ ಆಶ್ಚರ್ಯವೇನಿದೆ? 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ತಿರುಗಿಸಿತು. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆಯ ಬದಲು ಆರೈಕೆ ಕೊಡಬೇಕು ಎಂದಿತು.

ಇಂಥವರಿಗೆ ನೆರವಾಗಲು ಹಳ್ಳಿ ಆರೋಗ್ಯ ಸಿಬ್ಬಂದಿಗೆ ಕೊಡುವ ತರಬೇತಿಯ ಕತೆ ಮಾತ್ರ ಅದಕ್ಕಿಂತ ಹಳೆಯದು, ಶುರುವಾದದ್ದೂ ನಮ್ಮಲ್ಲೇ. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಹಳ್ಳಿ ಆರೋಗ್ಯ ಸಿಬ್ಬಂದಿಗೆ ಮನೋರೋಗ ಗುರುತಿಸುವುದನ್ನು ಕಲಿಸಿ ನೋಡಿದರು. 80ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಗೆ ಹೋದರು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದೇ 1996ರಲ್ಲಿ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆದರೆ ಆಗ ಒತ್ತು ಇದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗ ಇಂಥವುಗಳ ಮೇಲೆ. ಸಾಲ, ಕುಡಿತ, ಗಂಡನ ಹೊಡೆತ, ಪರೀಕ್ಷೆ ಫಲಿತಾಂಶ ಇವುಗಳಿಂದ ಬೇಸತ್ತು ಸಾಯಲು ಹೊರಟವರು ಆ ಪಟ್ಟಿಯಲ್ಲಿ ಸರಿಯಾಗಿ ಕೂರುವುದಿಲ್ಲ.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 2008ರ ಒಂದು ಅಧ್ಯಯನ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ ಮಾಡಿಸಿದ್ದು. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆ ಸೇರಿದ್ದ 1,867 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ. ಉಳಿದವರ ಜೊತೆ ಬಿಡುಗಡೆಗೆ ಮುಂಚೆ ಒಂದು ಗಂಟೆ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಮನೆ ಭೇಟಿ. ಅಷ್ಟೇ! ಕೊನೆಗೆ ನೋಡಿದರೆ ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 18 ಜನ ಆತ್ಮಹತ್ಯೆಯಿಂದ ಸತ್ತಿದ್ದರು, ಇನ್ನೊಂದರಲ್ಲಿ ಇಬ್ಬರು. ‘ಹೇಗಿದ್ದೀರಿ, ಊಟ ಆಯ್ತಾ’ ಎಂದು ಮತ್ತೆ ಹೋಗಿ ಕೇಳುವುದಕ್ಕೆ ಮನೋವೈದ್ಯರೇ ಬೇಕಿಲ್ಲ, ಮನೆ ಮನೆ ಗೊತ್ತಿರುವ ಆಶಾ ಅಕ್ಕ ಸಾಕು.

ತರಬೇತಿಯಲ್ಲಿ ತುಂಬಾ ಕಷ್ಟವಾಗುವುದು ನೇರವಾಗಿ ಕೇಳುವುದು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ‘ಸಾಯಬೇಕು ಅಂತ ಅನಿಸ್ತಿದೆಯಾ ಅಕ್ಕಾ?’ ಎಂದು ಕೇಳಿ ಅಂದರೆ ಬಾಯಿ ಕಟ್ಟುತ್ತದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನುವ ಭಯ. ಅದು ತಪ್ಪು, ಕೇಳಿದರೆ ಎಷ್ಟೋ ಜನರಿಗೆ ಎದೆಯ ಭಾರ ಇಳಿಯುತ್ತದೆ. ‘ಮಕ್ಕಳ ಮುಖ ನೋಡಿ ಧೈರ್ಯ ತಗೊ’ ಎಂಬ ಬುದ್ಧಿಮಾತು ನಿಲ್ಲಿಸಿ ಸುಮ್ಮನೆ ಕೇಳಿಸಿಕೊಳ್ಳುವುದನ್ನೂ ಕಲಿಯಬೇಕು. ಅದು ಇನ್ನೂ ಕಷ್ಟ.

ಇನ್ನೊಂದು ಪಾಠ ಬೀಗದ್ದು. ಹಳ್ಳಿಯಲ್ಲಿ ಬೆಳೆಗೆ ಹೊಡೆಯುವುದಕ್ಕೂ ‘ಔಷಧಿ’ ಎಂದೇ ಹೆಸರು, ಅದು ಕೈಗೆ ಸಿಗುವ ಹಾಗೆ ಮನೆಯಲ್ಲೇ ಇರುತ್ತದೆ. ಸಾಯಬೇಕೆನಿಸುವ ಗಳಿಗೆ ಬಹಳ ಸಲ ಬಂದು ಹೋಗುವಂಥದ್ದು, ಆ ಹೊತ್ತಿಗೆ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ತಮಿಳುನಾಡಿನ ಎರಡು ಹಳ್ಳಿಗಳಲ್ಲಿ ರೈತರೆಲ್ಲರಿಗೂ ಒಂದೇ ಕಡೆ ಲಾಕರ್ ಕಟ್ಟಿಸಿ ಇದನ್ನು ಪರೀಕ್ಷಿಸಿದ್ದುಂಟು. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು, ಎರಡು ದಶಕದಲ್ಲಿ ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳಿಯಿತು. ಹಾಗಾಗಿ ಸರ್ಕಾರ ಮಾಡಬೇಕಾದ ಕೆಲಸವನ್ನೂ ಆಶಾ ಅಕ್ಕನ ತಲೆಗೆ ಕಟ್ಟಬಾರದು ಅನ್ನುತ್ತೇನೆ. ಆಕೆಗೆ ಈಗಾಗಲೇ ಬಾಣಂತಿ, ಲಸಿಕೆ, ಸರ್ವೆ ಎಂದು ಕೆಲಸ ಜಾಸ್ತಿಯೇ ಇದೆ.

2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅದೇ ವರ್ಷ ರಾಷ್ಟ್ರೀಯ ತಡೆ ಕಾರ್ಯತಂತ್ರ ಬಂತು, 2030ರೊಳಗೆ ಸಾವು 10% ಇಳಿಸುವ ಗುರಿಯೊಂದಿಗೆ. ಟೆಲಿಮನಸ್ ಸಹಾಯವಾಣಿಯೂ ಆಗಲೇ ಶುರುವಾಯಿತು. ಇದನ್ನು ಓದುವಾಗ ನಿಮ್ಮ ಮನಸ್ಸಿಗೇ ಭಾರವೆನಿಸಿದರೆ, ಅಥವಾ ಯಾರದಾದರೂ ಮುಖ ನೆನಪಾದರೆ, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.