ಡಸ್ಟರ್‌ನ ‘ಲಾಕ್’ ಯಾವುದನ್ನು ಲಾಕ್ ಮಾಡುತ್ತದೆ?

ಹೋದ ವಾರ ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗಿದ್ದೆ. ರೆನೋ ಕಂಪನಿಯ ಹಳೇ ಡಸ್ಟರ್ ಕಾರು, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಆಲ್ ವೀಲ್ ಡ್ರೈವ್. ಮಾರುವವರು ಗುಂಡಿಯನ್ನು ‘ಲಾಕ್’ಗೆ ತಿರುಗಿಸಿ, “ಇದು ಡಿಫ್ ಲಾಕ್ ಸಾರ್, ಎಂತಾ ಕೆಸರಿದ್ರೂ ಹತ್ತುತ್ತೆ” ಅಂದರು. ಈ ವರ್ಷ ಇದೇ ಮಾತು ಕೇಳಿದ್ದು ಮೂರನೇ ಸಲ. ಅದು ಡಿಫ್ ಲಾಕ್ ಅಲ್ಲ. ಆ ಗಾಡಿಯಲ್ಲಿ ಡಿಫ್ ಲಾಕ್ ಇಲ್ಲವೇ ಇಲ್ಲ.

‘ಡಿಫ್’ ಅಂದರೆ ಡಿಫರೆನ್ಷಿಯಲ್, ಎಡ ಬಲ ಚಕ್ರಗಳ ನಡುವೆ ಕೂರುವ ಹಲ್ಲಿನ ಚಕ್ರಗಳ ಜೋಡಣೆ. ಆ ಹೆಸರಲ್ಲೇ ಅದರ ಕೆಲಸ ಇದೆ. ಮೂಲ ಲ್ಯಾಟಿನ್‌ನ ‘ಡಿಫೆರ್ರೆ’. ‘ಡಿಸ್’ ಅಂದರೆ ಬೇರೆ ಬೇರೆ, ‘ಫೆರ್ರೆ’ ಅಂದರೆ ಒಯ್ಯು. ಬೇರೆ ಬೇರೆಯಾಗಿ ಒಯ್ಯುವುದು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಒಂದನ್ನು ನೆನಪು ಮಾಡಿಕೊಳ್ಳಿ. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರ ಇದ್ದರೆ, ಪೂರ್ತಿ ತಿರುಗಿ ವಾಪಸ್ ಮುಖ ಮಾಡುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.7 ಮೀಟರ್ ಜಾಸ್ತಿ ಓಡಿರುತ್ತದೆ. ಎರಡೂ ಒಂದೇ ಸರಳಿಗೆ ಬೆಸೆದಿದ್ದರೆ ಟೈರ್ ಉಜ್ಜಿಕೊಂಡೇ ತಿರುಗಬೇಕು. ಅದಕ್ಕೇ ನಡುವೆ ಹಲ್ಲಿನ ಚಕ್ರಗಳನ್ನು ಇಟ್ಟು, ಎರಡಕ್ಕೂ ಅವುಗಳದ್ದೇ ವೇಗದಲ್ಲಿ ತಿರುಗಲು ಬಿಟ್ಟಿದ್ದಾರೆ.

ಇದರ ತೊಂದರೆ ಗದ್ದೆ ಉಳುವವರಿಗೆ ಗೊತ್ತೇ ಇದೆ. ಒಂದು ಚಕ್ರ ಕೆಸರಲ್ಲಿ ಜಾರಿದರೆ ಅದೊಂದೇ ಗಿರ್ರನೆ ತಿರುಗುತ್ತದೆ, ಇನ್ನೊಂದು ಸುಮ್ನೆ ನಿಂತಿರುತ್ತದೆ. ಆಗ ಟ್ರ್ಯಾಕ್ಟರಿನಲ್ಲಿ ಕಾಲ ಹತ್ತಿರದ ಪೆಡಲ್ ತುಳಿದರೆ ಹಿಂದಿನ ಎಡ ಬಲ ಚಕ್ರಗಳು ಒಂದಾಗುತ್ತವೆ. ಡಿಫ್ ಲಾಕ್ ಅಂದರೆ ಅದು. ಎಡಕ್ಕೂ ಬಲಕ್ಕೂ ಗಂಟು.

ಡಸ್ಟರ್‌ನಲ್ಲಿ ಗಂಟು ಬೀಳುವುದು ಮುಂದಕ್ಕೂ ಹಿಂದಕ್ಕೂ. ಭಾರತಕ್ಕೆ 2014ರಲ್ಲಿ ಬಂದ ಈ ಆಲ್ ವೀಲ್ ಡ್ರೈವ್‌ನಲ್ಲಿ 1461 ಸಿಸಿಯ ಡೀಸೆಲ್ ಎಂಜಿನ್, ಆರು ಗೇರ್. ಎಂಜಿನ್‌ನ ಬಲ ಮೊದಲು ಮುಂದಿನ ಚಕ್ರಗಳಿಗೆ. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದದ ತಿರುಗುವ ಸರಳು ಹಿಂದಕ್ಕೆ ಹೋಗುತ್ತದೆ, ಹಿಂದಿನ ಡಿಫರೆನ್ಷಿಯಲ್‌ನ ಬಾಯಲ್ಲಿ ಬಲವನ್ನು ಹಿಂದಕ್ಕೆ ಬಿಡುವ, ತಡೆಯುವ ಒಂದು ಕ್ಲಚ್ ಕೂತಿದೆ. ಗುಂಡಿ ‘ಆಟೋ’ದಲ್ಲಿದ್ದಾಗ ಗಾಡಿಯ ಕಂಪ್ಯೂಟರ್ ಬೇಕಾದಾಗ ಅದನ್ನು ಹಿಡಿಸುತ್ತದೆ. ‘ಲಾಕ್’ನಲ್ಲಿ ಅದು ಹಿಡಿದೇ ಇರುತ್ತದೆ, ಮುಂದೆ ಹಿಂದೆ ಸಮಪಾಲು. ಎಡ ಬಲದ ತಂಟೆಗೆ ಅದು ಹೋಗುವುದೇ ಇಲ್ಲ.

ಇದು ಬರೀ ಹೆಸರಿನ ಜಗಳ ಅಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮ ಭಾವನ ತೋಟದ ದಾರಿಯಲ್ಲಿ ಇಂಥದ್ದೇ ಗಾಡಿ ಅಗಳನ್ನು ಓರೆಯಾಗಿ ದಾಟಲು ಹೋಗಿ ನಿಂತಿತು. ಮುಂದಿನ ಎಡ ಚಕ್ರ ಅಗಳಿನ ಮೇಲೆ ತೂಗುತ್ತಿತ್ತು, ಹಿಂದಿನ ಬಲ ಚಕ್ರ ನೆಲ ಬಿಟ್ಟಿತ್ತು. ‘ಲಾಕ್’ ಹಾಕೇ ಇತ್ತು. ತೇಲಿದ ಎರಡು ಚಕ್ರಗಳು ತಿರುಗಿದವು, ನೆಲ ಕಚ್ಚಿದ ಎರಡು ಅಲುಗಲಿಲ್ಲ. ಜಾರುವ ಚಕ್ರವನ್ನು ತಾನೇ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಬ್ರೇಕ್ ಹಿಡಿದು ಕಟಕಟ ಅನ್ನುತ್ತಿತ್ತು, ಸಾಲಲಿಲ್ಲ. ಕಡೆಗೆ ಅಗಳಿಗೆ ಕಲ್ಲು ತುಂಬಿ, ಮೇಲೆ ಅಡಿಕೆ ಸೋಗೆ ಹಾಸಿದ ಮೇಲೆ ಹತ್ತಿತು. ಡಿಫ್ ಲಾಕ್ ಇದೆ ಅಂತ ನಂಬಿಯೇ ಭಾವ ಆ ಓರೆ ಹಾದಿ ಹಿಡಿದಿದ್ದರು. ಇಲ್ಲ ಅಂತ ಗೊತ್ತಿದ್ದರೆ ಅಗಳನ್ನು ನೇರಕ್ಕೆ ದಾಟುತ್ತಿದ್ದರು, ಅಲ್ವಾ?

ಹಾಗಂತ ‘ಲಾಕ್’ ಕೆಲಸಕ್ಕೆ ಬಾರದ್ದಲ್ಲ. ಮಳೆಗಾಲದ ಕೆಂಪು ಮಣ್ಣಿನ ಏರಿನಲ್ಲಿ, ನಾಲ್ಕೂ ಚಕ್ರ ನೆಲದ ಮೇಲಿದ್ದಾಗ, ಅದು ನಿಜಕ್ಕೂ ಚೆನ್ನಾಗಿ ಎಳೆಯುತ್ತದೆ. ಹಳೇ ಜೀಪಿನ ಹಾಗೆ ‘ಲೋ’, ಅಂದರೆ ನಿಧಾನಕ್ಕೆ ಜಾಸ್ತಿ ಬಲದಲ್ಲಿ ಎಳೆಯುವ ಗೇರು, ಹಾಕುವ ಸಣ್ಣ ಲಿವರ್ ಇದರಲ್ಲಿಲ್ಲ. ಆ ಕೊರತೆ ತುಂಬಲೆಂದೇ ಮೊದಲ ಗೇರನ್ನು ತುಂಬ ನಿಧಾನದ್ದಾಗಿ ಇಟ್ಟಿದ್ದಾರೆ. ಕೆಸರು ದಾಟಿ ಟಾರಿಗೆ ಬಂದ ಕೂಡಲೇ ‘ಆಟೋ’ಕ್ಕೆ ತಿರುಗಿಸಿ. ಒಣ ಟಾರಿನ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳೂ ಬೇರೆ ಬೇರೆ ದೂರ ಓಡುತ್ತವೆ, ಆ ಎಳೆದಾಟ ಬೀಳುವುದು ಟೈರಿನ ಮೇಲೆ, ಶಾಫ್ಟಿನ ಮೇಲೆ.